ಘಟ್ಟ ಹತ್ತಿ ಘಟ್ಟ ಇಳಿದು ಊರಿಗೆ

ಮುಂಬಯಿಯಲ್ಲಿರುವ ನಮ್ಮವರ ಬಾಯಲ್ಲಿ 'ಊರು' ಎಂಬ ಮಾತಿಗೆ ಒಂದೇ ಅರ್ಥ. ಮೂವತ್ತು ವರ್ಷ ಸಂಸಾರ ಮಾಡಿದ ಡೊಂಬಿವಲಿಯನ್ನು ಯಾರೂ ಊರು ಎನ್ನುವುದಿಲ್ಲ. ಹುಟ್ಟಿ ಬೆಳೆದ ಪರೇಲಿನ ಚಾಳನ್ನೂ ಊರು ಎನ್ನುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಇಬ್ಬರು ಕನ್ನಡಿಗರು ರೈಲ್ವೆ ಸ್ಟೇಷನ್ನಿನ ಸೇತುವೆಯ ಮೇಲೆ ಎದುರಾದರೆ ಮೊದಲ ಪ್ರಶ್ನೆ, "ಈ ಸಲ ಊರಿಗೆ ಯಾವಾಗ?" ಎನ್ನುವುದೇ. ಯಾವ ಊರು ಎಂದು ಕೇಳುವ ಅಗತ್ಯ ಇಬ್ಬರಿಗೂ ಇರುವುದಿಲ್ಲ.

ನಗರಪಾಲಿಕೆಯ ಒಂದು ಕನ್ನಡ ಶಾಲೆಯಲ್ಲಿ ನಾನು 1987ರಿಂದ ಬಹಳ ವರ್ಷ ಪಾಠ ಮಾಡಿದವಳು. ಮೇ ತಿಂಗಳ ಈ ಊರಿನ ಪ್ರಯಾಣಕ್ಕೆ ಯಾರಾದರೂ ಚರಿತ್ರೆ ಬರೆಯುವುದಾದರೆ ನಮ್ಮ ಶಾಲೆಯ ಹಾಜರಿ ಪುಸ್ತಕವೇ ಅದಕ್ಕೆ ಒಳ್ಳೆಯ ದಾಖಲೆ. ಜೂನ್ ಮಧ್ಯದಲ್ಲಿ ಶಾಲೆ ಶುರುವಾದರೆ ಮೊದಲ ವಾರ ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ಬಸ್ಸು ಸಿಗಲಿಲ್ಲ, ಅಜ್ಜಿ ಬಿಡಲಿಲ್ಲ, ಮಳೆಗೆ ರಸ್ತೆ ಹಾಳಾಯಿತು ಎಂದೆಲ್ಲ ಕಾರಣಗಳು. ನಂತರದ ವರ್ಷಗಳಲ್ಲಿ ಆ ಖಾಲಿ ಜಾಗ ಕಡಿಮೆಯಾಗುತ್ತ ಬಂತು. 2000ದ ಈಚೆಗೆ ಮೊದಲ ದಿನವೇ ಎಲ್ಲರೂ ಹಾಜರು. ಶಿಸ್ತು ಹೆಚ್ಚಾಯಿತೆಂದು ಮುಖ್ಯೋಪಾಧ್ಯಾಯರು ಹಿಗ್ಗಿದರು. ನನಗೆ ಮಾತ್ರ ಅದರಲ್ಲಿ ಬೇರೇನೋ ಕಾಣುತ್ತಿತ್ತು.

ಒಮ್ಮೆ ಭೂಗೋಳದ ಪಾಠದಲ್ಲಿ ನಕಾಶೆ ತೂಗಹಾಕಿದ್ದಾಗ ಒಬ್ಬ ಹುಡುಗ ಕೇಳಿದ: "ಟೀಚರ್, ಮುಂಬಯಿಯೂ ಸಮುದ್ರದ ಬದಿ, ಕುಂದಾಪುರವೂ ಸಮುದ್ರದ ಬದಿ. ಮತ್ತೆ ನಮ್ಮ ಬಸ್ಸು ಹುಬ್ಬಳ್ಳಿಗೆ ಯಾಕೆ ಹೋಗ್ತದೆ?" ಬುದ್ಧಿವಂತ ಪ್ರಶ್ನೆ. ಬೋರ್‌ಘಾಟ್ ಹತ್ತಿ ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಗೆ ಬಂದು ಮತ್ತೆ ಸಮುದ್ರದ ಮುಖ ನೋಡಬೇಕು. ಸಮುದ್ರದ ಮಕ್ಕಳು ಸಮುದ್ರದ ಕಡೆಗೆ ಹೋಗಲು ಬಯಲುಸೀಮೆಯನ್ನು ಸುತ್ತುವುದೇಕೆ?

ಆ ಹುಡುಗನಿಗೆ ಅಂದು ಎರಡು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಮ್ಮ ಅಜ್ಜನ ಕಾಲದವರಿಗೆ ಊರಿನ ದಾರಿ ನೀರಿನ ಮೇಲೆಯೇ ಇತ್ತು. ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳು ಮುಂಬಯಿಯಿಂದ ಹೊರಟು ಕೊಂಕಣದ ಬಂದರುಗಳನ್ನು ಮುಟ್ಟುತ್ತ ದಕ್ಷಿಣಕ್ಕೆ ಬರುತ್ತಿದ್ದವು. ಹೋಟೆಲಿನಲ್ಲಿ ಲೋಟ ತೊಳೆಯಲು ಬಂದ ಹುಡುಗರು, ಮಿಲ್ಲಿನ ಕ್ಯಾಂಟೀನಿನವರು, ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದವರು, ಎಷ್ಟೋ ಜನ ಮೊದಲು ಮುಂಬಯಿಯನ್ನು ಕಂಡದ್ದು ಹಡಗಿನ ಮೇಲಿನಿಂದ. ಆದರೆ ಮಳೆಗಾಲದಲ್ಲಿ ಈ ಹಡಗುಗಳು ನಿಲ್ಲುತ್ತಿದ್ದವು. ಮೇ ಕಳೆಯುವುದರೊಳಗೆ ಹಿಂದಿರುಗದಿದ್ದರೆ ಮಳೆಗಾಲ ಮುಗಿಯುವ ತನಕ ಊರಿನಲ್ಲೇ ಬಾಕಿ. ಊರಿಗೆ ಹೋಗುವುದೆಂದರೆ ಒಂದೋ ಬೇಸಿಗೆಯ ಮೊದಲು ಹೋಗಿ ಮಳೆಗೆ ಮುಂಚೆ ಬರುವುದು, ಇಲ್ಲವೇ ಮಳೆಗಾಲವಿಡೀ ಅಲ್ಲೇ ಉಳಿದು ನಾಟಿಗೆ ಕೈ ಹಾಕುವುದು. ಎರಡು ದಿನ ಹೋಗಿ ಬರುತ್ತೇನೆ ಎಂಬ ಮಾತು ಅವರ ಬಾಯಲ್ಲಿ ಇರಲೇ ಇಲ್ಲ.

ನೆಲದ ಮೇಲೆ ನೇರ ಹೋಗಲು ಎರಡು ಅಡ್ಡಿಗಳಿದ್ದವು. ಒಂದು ಗೋವಾ. 1510ರಿಂದ 1961ರ ಡಿಸೆಂಬರ್ ತನಕ ಅದು ಪೋರ್ಚುಗೀಸರ ಕೈಯಲ್ಲಿತ್ತು. 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ನಂತರ ಗಡಿ ಪೂರ್ತಿ ಬಿಗಿಯಾಯಿತು. ಮುಂಬಯಿಗೂ ಕಾರವಾರಕ್ಕೂ ನಡುವೆ ಪರದೇಶವೊಂದು ಕುಳಿತಿದ್ದಾಗ ಬಸ್ಸು ಹೋಗುವುದಾದರೂ ಹೇಗೆ?

ಎರಡನೆಯದು ಹೊಳೆಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಆಮೇಲೆ ನಮ್ಮ ಕುಂದಾಪುರದ ಪಂಚಗಂಗಾವಳಿ. ಘಟ್ಟದಿಂದ ಇಳಿದ ಪ್ರತಿಯೊಂದು ಹೊಳೆಯೂ ಸಮುದ್ರ ಸೇರುವ ಮುಂಚೆ ಹರವಾಗಿ ಮಲಗಿಬಿಡುತ್ತದೆ. ಉತ್ತರ ಕನ್ನಡದವರು 'ತಾರಿ' ಎನ್ನುವ, ನಮ್ಮ ಕಡೆ 'ಕಡವು' ಎನ್ನುವ ಜಾಗಗಳಲ್ಲಿ ಬಸ್ಸು ಇಳಿದು, ದೋಣಿ ಹತ್ತಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಹೊಳೆಗೊಂದು ಸೇತುವೆ ಬರಲು ದಶಕಗಳೇ ಹಿಡಿದವು.

ಹಾಗಾಗಿ ಘಟ್ಟದ ಮೇಲಿನ ದಾರಿಯೇ ಗತಿಯಾಯಿತು. ಆ ದಾರಿಯಾದರೂ ನಮಗಾಗಿ ಮಾಡಿದ್ದಲ್ಲ. ಅದು ಹತ್ತಿಗಾಗಿ ಮಾಡಿದ ದಾರಿ. ಧಾರವಾಡ ಸೀಮೆಯ ಹತ್ತಿಯನ್ನು ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿಸಿ ಕುಮಟೆಯ ಬಂದರಿಗೆ ತರುತ್ತಿದ್ದರು. ಅಲ್ಲಿಂದ ಅದು ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿನ ಗಿರಣಿಗಳಿಗೆ. ವ್ಯಾಪಾರದ ಲೋಕದಲ್ಲಿ ಈ ಹತ್ತಿಗೆ 'ಕುಮಟಾ' ಎಂದೇ ಹೆಸರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬೇಡಿಕೆ ಏರಿತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಹತ್ತಿ ಹಡಗು ಹತ್ತುವ ಕಾರವಾರ, ಕುಮಟೆಗಳು ಮದರಾಸು ಪ್ರಾಂತದಲ್ಲಿ ಇದ್ದರೆ ಕೆಲಸ ಸಾಗುವುದಿಲ್ಲವೆಂದು ಉತ್ತರ ಕನ್ನಡ ಜಿಲ್ಲೆಯನ್ನೇ 1862ರಲ್ಲಿ ಮದರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ಅರಬೈಲು, ದೇವಿಮನೆ ಮುಂತಾದ ಘಟ್ಟದ ದಾರಿಗಳ ಮೇಲೆ ಹತ್ತಿಗಾಡಿಗಳು ಸಾಲುಗಟ್ಟಿದವು. ಮುಂದೆ 1880ರ ದಶಕದ ಕೊನೆಗೆ ರೈಲು ಬಂದು ಹತ್ತಿಯನ್ನು ಮರ್ಮಗೋವೆಯ ಕಡೆಗೆ ಒಯ್ದಮೇಲೆ ಕುಮಟೆ, ಕಾರವಾರಗಳ ವೈಭವ ಇಳಿಯಿತು. ಹತ್ತಿ ಹೋಯಿತು, ದಾರಿ ಉಳಿಯಿತು. ನೂರು ವರ್ಷದ ಮೇಲೆ ಅದೇ ದಾರಿಯಲ್ಲಿ ನಮ್ಮ ಟ್ರಂಕು, ಹೋಲ್ಡಾಲುಗಳು ಬಂದವು.

ಇನ್ನು ಬಸ್ಸಿನ ಮಾತು. ನಾನು ಕಂಡದ್ದು 1970ರಿಂದ ಈಚಿನ ಕಾಲ. ಸಂಜೆ ಐದಕ್ಕೆ ಸಯನ್ನಿನಿಂದ ಹೊರಟರೆ ಕುಂದಾಪುರ ಮುಟ್ಟುವಾಗ ಮರುದಿನ ರಾತ್ರಿ ಎಂಟು. ಎಲ್ಲ ಸರಿಯಾಗಿದ್ದರೆ ಎಂಬ ಮಾತನ್ನು ಸೇರಿಸಿಕೊಳ್ಳಿ. ಟಯರ್ ಪಂಕ್ಚರ್, ರೇಡಿಯೇಟರ್ ಕುದಿಯುವುದು, ಖಂಬಾಟಕಿ ಘಾಟಿನಲ್ಲಿ ಲಾರಿ ಅಡ್ಡ ಬೀಳುವುದು, ಇವೆಲ್ಲ ಟಿಕೇಟಿನ ಜೊತೆಗೇ ಬರುತ್ತಿದ್ದವು.

ಆ ಪ್ರಯಾಣದಲ್ಲಿ ಹೆಂಗಸರ ಪಾಡನ್ನು ಯಾರೂ ಬರೆದದ್ದು ನಾನು ಓದಿಲ್ಲ. ಅಮ್ಮ ಹೊರಡುವ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದಳು. ಬಸ್ಸು ನಿಲ್ಲಿಸುವುದು ಡ್ರೈವರನ ಮರ್ಜಿ. ನಿಲ್ಲಿಸಿದಲ್ಲಿ ಗಂಡಸರಿಗೆ ಬಯಲೇ ಸಾಕು. ಹೆಂಗಸರು ಮೂರು ನಾಲ್ಕು ಜನ ಒಟ್ಟಾಗಿ, ಟಾರ್ಚು ಹಿಡಿದು, ಕಬ್ಬಿನ ಗದ್ದೆಯ ಮರೆ ಹುಡುಕಬೇಕಿತ್ತು. ಬಂಟರು, ಬಿಲ್ಲವರು, ಮೊಗವೀರರು, ಬ್ರಾಹ್ಮಣರು, ಕ್ರಿಶ್ಚಿಯನ್ನರು ಎಂಬ ಭೇದ ಚಾಳಿನ ನಲ್ಲಿಯ ಹತ್ತಿರ ಉಳಿದಿದ್ದರೂ ಸಾತಾರಾದ ಆಚೆಯ ಕತ್ತಲೆಯಲ್ಲಿ ಉಳಿಯುತ್ತಿರಲಿಲ್ಲ. ಅಮ್ಮನ ಬಹುಕಾಲದ ಗೆಳತಿಯರಲ್ಲಿ ಇಬ್ಬರು ಅವಳಿಗೆ ಸಿಕ್ಕಿದ್ದು ಹೀಗೆ.

ಬೆಳಗಾಗುವಾಗ ನಿಪ್ಪಾಣಿ. ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆದರೆ ಕರ್ನಾಟಕ ಬಂತೆಂದು ಅರ್ಥ. ಅಪ್ಪ ನಮ್ಮನ್ನು ಎಬ್ಬಿಸಿ ಅಂಗಡಿಗಳ ಬೋರ್ಡು ಓದಿಸುತ್ತಿದ್ದರು. ಅಲ್ಲಿ ಕನ್ನಡ, ಮರಾಠಿ ಎರಡೂ ಬೆರೆತೇ ಇರುತ್ತಿದ್ದವು. ಬೋರ್ಡಿನ ಕನ್ನಡವೇ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಶಾಲೆಯ ಹೊರಗಿನ ಮೊದಲ ಕನ್ನಡ. ಇದೇ ನಿಪ್ಪಾಣಿಯಲ್ಲಿ 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಒಳ್ಳೆಯ ಬೆಲೆಗಾಗಿ ಹೆದ್ದಾರಿಯ ಮೇಲೆಯೇ ಕುಳಿತರು, ಗೋಲಿಬಾರಿನಲ್ಲಿ ಸಾವುಗಳಾದವು. ಆ ವರ್ಷ ಊರಿಗೆ ಹೊರಟವರ ಮನೆಗಳಲ್ಲಿ ಮೊದಲ ಬಾರಿಗೆ ತಂಬಾಕಿನ ಬೆಲೆಯ ಚರ್ಚೆ ನಡೆಯಿತು. ಬೆಳಗಾವಿಯ ಗಡಿ ಗಲಾಟೆ ಎದ್ದಾಗಲಂತೂ ಬಸ್ಸಿನವರಿಗೆ ಎರಡೂ ಕಡೆಯ ಭಯ. ಒಂದು ಕಡೆ ನಂಬರ್ ಪ್ಲೇಟಿನ ಲಿಪಿ ನೋಡಿ ಕಲ್ಲು, ಇನ್ನೊಂದು ಕಡೆ ಒಳಗಿನವರ ಭಾಷೆ ಕೇಳಿ ಕಲ್ಲು. ಮನೆಯಲ್ಲಿ ಕುಂದಾಪ್ರ ಕನ್ನಡ, ಬೀದಿಯಲ್ಲಿ ಮರಾಠಿ ಮಾತಾಡುವ ನಮ್ಮಂಥವರು ಆಗ ಬಾಯಿ ಮುಚ್ಚಿ ಕೂರುವುದೇ ಕ್ಷೇಮ.

ಕಿತ್ತೂರು ಬಂದಾಗ ಅಪ್ಪ ತಪ್ಪದೆ ಚೆನ್ನಮ್ಮನ ಕಥೆ ಹೇಳುವರು. 1824ರಲ್ಲಿ ಥ್ಯಾಕರೆಯನ್ನು ಕೊಂದ ಕಾಳಗ ಇಲ್ಲೇ ಆದದ್ದು ಎಂದು ಕಿಟಕಿಯ ಹೊರಗೆ ಬೆರಳು ತೋರುವರು. ಧಾರವಾಡದಲ್ಲಿ ಫೇಡೆ. ಹುಬ್ಬಳ್ಳಿಯಲ್ಲಿ ಊಟ. ಜೋಳದ ರೊಟ್ಟಿಯ ತಾಟಿನ ಮುಂದೆ ನಾವು ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟರೆ ಹೋಟೆಲಿನ ಯಜಮಾನರು, "ಯಾಕ್ರೀ ಯಕ್ಕಾ, ಹುಡುಗ್ರು ರೊಟ್ಟಿ ತಿನ್ನಂಗಿಲ್ಲೇನ್ರಿ? ಅನ್ನ ಹಾಕಸ್ತೀನಿ ತಡೀರಿ" ಎನ್ನುತ್ತಿದ್ದರು. ಅಮ್ಮನಿಗೆ ಅವರ ಮಾತು ಅರ್ಧ ಅರ್ಥವಾಗುತ್ತಿತ್ತು, ನಮಗೆ ಕಾಲು. ಆದರೂ ಅದು ಕನ್ನಡವೇ ಎಂಬುದು ನಮಗೆ ಅಚ್ಚರಿಯ ಸಂಗತಿಯಾಗಿತ್ತು.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇಲ್ಲಿದೆ. 1956ರ ನವೆಂಬರ್ 1ರಂದು ಮದರಾಸಿನ ದಕ್ಷಿಣ ಕನ್ನಡ, ಮುಂಬಯಿಯ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಎಲ್ಲ ಒಂದು ರಾಜ್ಯದೊಳಗೆ ಬಂದವು. 1973ರಲ್ಲಿ ಅದಕ್ಕೆ ಕರ್ನಾಟಕವೆಂದು ಹೆಸರಾಯಿತು. ಕಾಗದದ ಮೇಲೆ ಏಕೀಕರಣವಾಯಿತು, ಸರಿ. ಆದರೆ ಕರಾವಳಿಯ ಒಬ್ಬ ಹೋಟೆಲ್ ಮಾಣಿಗೆ, ಮುಂಬಯಿಯ ಚಾಳಿನ ಒಬ್ಬ ಗೃಹಿಣಿಗೆ ಧಾರವಾಡ ತನ್ನದೆಂದು ಗೊತ್ತಾಗುವುದು ಹೇಗೆ? ನಮ್ಮ ಪಾಲಿಗೆ ಅದು ಗೊತ್ತಾದದ್ದು ಆ ಸುತ್ತುದಾರಿಯಿಂದ. ವರ್ಷಕ್ಕೆ ಎರಡು ಬಾರಿ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ, ಕರಿಮಣ್ಣಿನ ಹೊಲ, ಕೆಂಪು ಹಂಚಿನ ಯಲ್ಲಾಪುರ, ಅಡಿಕೆ ತೋಟ, ಘಟ್ಟದ ಕಾಡು ನೋಡಿಯೇ ನಾವು ಊರು ಸೇರಬೇಕಿತ್ತು. ಪೋರ್ಚುಗೀಸರೂ ಸೇತುವೆಯಿಲ್ಲದ ಹೊಳೆಗಳೂ ಸೇರಿ ನಮಗೆ ಕರ್ನಾಟಕವನ್ನು ತೋರಿಸಿದವು ಎಂದರೆ ನಗಬೇಡಿ. ಗೊತ್ತಿದ್ದೇ ಹೇಳುತ್ತಿದ್ದೇನೆ.

ಅರಬೈಲು ಇಳಿಯುವಾಗ ಎಲ್ಲರಿಗೂ ವಾಂತಿ. ಇಳಿದದ್ದೇ ಗಾಳಿಯ ಗುಣ ಬದಲಾಗಿ ಸೆಕೆ ಮುಖಕ್ಕೆ ಬಡಿಯುತ್ತಿತ್ತು. ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ. ಭಟ್ಕಳ ದಾಟಿ ಶಿರೂರು ಬಂದರೆ ನಮ್ಮ ಜಿಲ್ಲೆ. 1956ಕ್ಕೆ ಮೊದಲು ಅದೇ ಜಾಗ ಮುಂಬಯಿ, ಮದರಾಸು ಪ್ರಾಂತಗಳ ಗಡಿಯಾಗಿತ್ತು. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಕತ್ತಲೆಯಲ್ಲಿ ಎರಡೂ ಕಾಣದಿದ್ದರೂ ತೆರೆಯ ಸದ್ದಿಗೆ ಮಲಗಿದ್ದ ಮಕ್ಕಳೂ ಏಳುತ್ತಿದ್ದರು. ಮನೆಯ ಮುಂದೆಯೇ ಬಸ್ಸು ನಿಂತಾಗ ಅಜ್ಜಿ ಲಾಟೀನು ಹಿಡಿದು ಬಂದು, "ಬಂದ್ರ್ಯಾ ಮಕ್ಳೆ? ಕೈಕಾಲ್ ತೊಳ್ಕಣಿ, ಗಂಜಿ ಉಣ್ಣಿ" ಎನ್ನುವಳು. ಅಮ್ಮ ಮೊದಲು ಮಾಡುತ್ತಿದ್ದ ಕೆಲಸ ಬಾವಿಕಟ್ಟೆಗೆ ಹೋಗಿ ಒಂದು ಚೆಂಬು ನೀರು ಕುಡಿಯುವುದು.

ಇಷ್ಟು ಕಷ್ಟಪಟ್ಟು ಹೋದವರು ನಾಲ್ಕು ದಿನಕ್ಕೆ ಹಿಂದಿರುಗುತ್ತಾರೆಯೆ? ತಿಂಗಳು, ಕೆಲವೊಮ್ಮೆ ನಲವತ್ತು ದಿನ. ಹಲಸಿನ ಹಪ್ಪಳ ಮಾಡುವುದು, ಮಿಡಿ ಉಪ್ಪಿನಕಾಯಿ ಹಾಕುವುದು, ಮದುವೆಗಳು, ರಾತ್ರಿಯಿಡೀ ಯಕ್ಷಗಾನ, ನೆಂಟರ ಮನೆಗಳ ಸರದಿ. ಮಕ್ಕಳ ಬಾಯಿಂದ ಮೊದಲ ವಾರ ಮರಾಠಿ ಬರುತ್ತಿತ್ತು, ಎರಡನೆಯ ವಾರ ಬೆರಕೆ, ಮೂರನೆಯ ವಾರಕ್ಕೆ ಅಪ್ಪಟ ಕುಂದಾಪ್ರ ಕನ್ನಡ. ನಾನು ಮೇಷ್ಟರಗಿತ್ತಿಯಾಗಿ ಹೇಳುತ್ತೇನೆ, ಭಾಷೆ ಕೂರಲು ಮೂರು ವಾರ ಬೇಕು.

ದೊಡ್ಡವರ ಕೆಲಸಗಳೂ ಆಗಲೇ. 1974ರ ಮಾರ್ಚ್‌ನಿಂದ ಹೊಸ ಭೂಸುಧಾರಣೆಯ ಕಾನೂನು ಬಂದಿತ್ತು. ನಾವು ಗೇಣಿಯವರು. ಅಜ್ಜ 'ಡಿಕ್ಲರೇಶನ್' ಹಾಕಿದ್ದರು. ಓದು ಬರಹ ಬಲ್ಲ ಹಿರಿಮಗನೆಂದು ಅಪ್ಪ 1977ರ ಮೇಯಲ್ಲಿ ಕಾಗದ ಪತ್ರಗಳ ಜೊತೆ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ರಜೆಯ ಬಹುಭಾಗ ತಾಲೂಕು ಕಚೇರಿಯ ಜಗುಲಿಯಲ್ಲೇ ಕಳೆಯಿತು. ಆದರೆ ನಾವು ಕೂತು ಗಂಜಿ ಉಣ್ಣುತ್ತಿದ್ದ ಮನೆಯ ಅಡಿಯ ನೆಲ ಅದರ ನಂತರವೇ ನಮ್ಮದಾಯಿತು. ದುಡಿಯಲು ಮುಂಬಯಿಗೆ ಹೋದವನು ವರ್ಷಕ್ಕೊಂದು ತಿಂಗಳು ಬಂದು ನಿಂತದ್ದರಿಂದ ಉಳಿದ ಮನೆ ಅದು.

ಇನ್ನು ದಾರಿ ಹತ್ತಿರವಾದ ಕಥೆ. ಗೋವಾದ ಮಾಂಡವಿ ಹೊಳೆಗೆ 1970ರಲ್ಲಿ, ಜುವಾರಿಗೆ 1983ರಲ್ಲಿ ಸೇತುವೆ ಬಂತು. ಪನ್ವೇಲಿನಿಂದ ಕರಾವಳಿಯುದ್ದಕ್ಕೂ ಹೋಗುವ 17ನೇ ಹೆದ್ದಾರಿಯಲ್ಲಿ, ಈಗ ಅದು 66, ಬಸ್ಸುಗಳು ಓಡತೊಡಗಿದವು. ಸಂತೋಷ ಬಹಳ ದಿನ ಇರಲಿಲ್ಲ. 1986ರ ಜುಲೈ 5ರಂದು ಮಾಂಡವಿ ಸೇತುವೆ ಕುಸಿದುಬಿತ್ತು. ಹೊಸದು ಬರುವ ತನಕ ಮತ್ತೆ ದೋಣಿ, ಮತ್ತೆ ಹುಬ್ಬಳ್ಳಿ. ಕೊನೆಗೆ ಎಲ್ಲವನ್ನೂ ಬದಲಾಯಿಸಿದ್ದು ಕೊಂಕಣ ರೈಲು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ನಾಯಕ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಅದರ ನಿಗಮ ಹುಟ್ಟಿತು. ಶ್ರೀಧರನ್ ಅವರು ತೊಂಬತ್ತಕ್ಕೂ ಹೆಚ್ಚು ಸುರಂಗ ಕೊರೆಸಿ 1998ರಲ್ಲಿ ಮುಗಿಸಿದರು. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಗಿನ ಜಾವಕ್ಕೆ ಕುಂದಾಪುರ.

ಈ ರೈಲನ್ನು ನಾನು ಹಳಿಯುವವಳಲ್ಲ. 1983ರಲ್ಲಿ ಅಜ್ಜ ತೀರಿಕೊಂಡಾಗ ಟೆಲಿಗ್ರಾಂ ಬಂದು, ಬಸ್ಸಿನಲ್ಲಿ ಸೀಟು ಸಿಕ್ಕಿ, ಅಪ್ಪ ತಲುಪುವಾಗ ಮೂರನೆಯ ದಿನ. ಚಿಕ್ಕಪ್ಪ ಕೊಳ್ಳಿ ಇಟ್ಟಾಗಿತ್ತು. ಹಿರಿಮಗನಾದ ಅಪ್ಪ ಬೂದಿಯ ಮುಂದೆ ನಿಂತು ಒಂದು ಮಾತೂ ಆಡದೆ ಹಿಂದಿರುಗಿದರು. 2001ರಲ್ಲಿ ಅಜ್ಜಿಗೆ ಜೋರಾದಾಗ ಮಧ್ಯಾಹ್ನ ಫೋನ್ ಬಂತು, ಬೆಳಗಾಗುವಾಗ ಅಪ್ಪ ಅಜ್ಜಿಯ ತಲೆಯ ಹತ್ತಿರ. ಬಾಯಿಗೆ ನೀರು ಬಿಡಲು ಸಿಕ್ಕಿತು. ಆ ಒಂದು ಗುಟುಕು ನೀರಿಗಾಗಿ ಆ ಸುರಂಗಗಳೆಲ್ಲ ಸಾರ್ಥಕವೆಂದು ಅಪ್ಪ ಸಾಯುವ ತನಕ ಹೇಳುತ್ತಿದ್ದರು.

ಆದರೆ ಹಾಜರಿ ಪುಸ್ತಕ ತೋರಿಸಿದ್ದು ಇನ್ನೊಂದನ್ನು. ಹದಿನಾಲ್ಕು ಗಂಟೆಯಲ್ಲಿ ಮುಟ್ಟಬಹುದಾದ ಊರಿಗೆ ತಿಂಗಳುಗಟ್ಟಲೆ ಹೋಗುವುದೇಕೆ? "ಬೇಕಾದಾಗ ಹೋಗಬಹುದಲ್ಲ" ಎಂಬ ಮಾತು ಬಂತು. ತಿಂಗಳು ಹದಿನೈದು ದಿನವಾಯಿತು, ಹದಿನೈದು ವಾರವಾಯಿತು, ವಾರ ಮದುವೆಯ ಎರಡು ದಿನಗಳಾದವು. ದಾರಿ ಉದ್ದವಿದ್ದಾಗ ಇರುವುದೂ ಉದ್ದ. ದಾರಿ ಗಿಡ್ಡವಾಗುತ್ತ ಇರುವುದೂ ಗಿಡ್ಡ. ಮೂರನೆಯ ವಾರ ಎಂಬುದೇ ಇಲ್ಲದ ಮಕ್ಕಳಿಗೆ ಭಾಷೆ ಕೂರಲೂ ಇಲ್ಲ. ರೈಲು ಕಾರವಾರ ದಾಟುವುದು ನಡುರಾತ್ರಿಯ ಮೇಲೆ. ಕರ್ನಾಟಕ ಅವರೊಳಗೆ ಬರುವುದು ನಿದ್ದೆಯಲ್ಲಿ. ಧಾರವಾಡವಂತೂ ನಕಾಶೆಯ ಮೇಲಿನ ಚುಕ್ಕೆ. ಹಾಗೆಂದು ಈಗ ಕಾರಿನಲ್ಲಿ ಹಳೆಯ ದಾರಿ ಹಿಡಿದರೂ ಅದು ಹಳೆಯ ದಾರಿಯಲ್ಲ. 2002ರಲ್ಲಿ ಪುಣೆಯ ಎಕ್ಸ್‌ಪ್ರೆಸ್ ವೇ ಪೂರ್ತಿಯಾಯಿತು. ಸುವರ್ಣ ಚತುಷ್ಕೋನ ಯೋಜನೆಯಲ್ಲಿ ಮುಂದಿನ ದಾರಿಯೂ ಅಗಲವಾಯಿತು. ಊರುಗಳೆಲ್ಲ ಬೈಪಾಸಿನ ಆಚೆ. ಮಗ ನನ್ನನ್ನು 2008ರಲ್ಲಿ ಕರೆದೊಯ್ದಾಗ ನಿಪ್ಪಾಣಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ಆಮೇಲೆ 2020 ಬಂತು.

ಆ ಮೇ ತಿಂಗಳಲ್ಲಿ ರೈಲಿಲ್ಲ, ಬಸ್ಸಿಲ್ಲ, ಹೋಟೆಲುಗಳು ಮುಚ್ಚಿವೆ. ಹೋಟೆಲಿನ ಹುಡುಗರಿಗೆ ಕೆಲಸವೂ ಇಲ್ಲ, ಮಲಗಲು ಜಾಗವೂ ಇಲ್ಲ. ನೂರು ವರ್ಷಗಳಿಂದ ಮೇ ತಿಂಗಳಲ್ಲಿ ಊರಿಗೆ ಹೋಗಿ ಅಭ್ಯಾಸವಾದ ಜನ ಆ ಮೇಯಲ್ಲೂ ಹೊರಟರು, ಈ ಬಾರಿ ಪಾಸು ಹಿಡಿದು. ನಾನೂ ನನ್ನ ಯಜಮಾನರೂ ಹೋಟೆಲು ಕೆಲಸದ ಅಣ್ಣನ ಮಗನನ್ನು ಕರೆದುಕೊಂಡು ಬಾಡಿಗೆ ಕಾರಿನಲ್ಲಿ ಹೊರಟೆವು. ಪುಣೆ, ಕೊಲ್ಹಾಪುರ, ನಿಪ್ಪಾಣಿ, ಹುಬ್ಬಳ್ಳಿ, ಅರಬೈಲು. ನಲವತ್ತು ವರ್ಷದ ಹಿಂದಿನ ಅದೇ ದಾರಿ. ಗಡಿಯಲ್ಲಿ ಗಂಟೆಗಟ್ಟಲೆ ಸಾಲು. ಹೆಂಗಸರು ಮತ್ತೆ ನೀರು ಕುಡಿಯುವುದನ್ನು ನಿಲ್ಲಿಸಿದರು. ಶಿರೂರಿನ ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿದಾಗ, ಒಂದು ಕಾಲದಲ್ಲಿ ಇದು ಎರಡು ಪ್ರಾಂತಗಳ ಗಡಿಯಾಗಿತ್ತು ಎಂಬ ಪಾಠ ನೆನಪಿಗೆ ಬಂತು. ನಾವು ದಾಟಿದ ಕೆಲವೇ ದಿನಗಳಲ್ಲಿ, ಮೇ 18ರಂದು, ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯ ತನಕ ಪ್ರವೇಶವಿಲ್ಲವೆಂದು ಸರಕಾರ ಸಾರಿತು.

ಒಂದು ಶಾಲೆಯ ಕೋಣೆಯಲ್ಲಿ ಹದಿನಾಲ್ಕು ದಿನ ಕ್ವಾರಂಟೈನ್. ಬಾಳಿಡೀ ಶಾಲೆಯಲ್ಲಿ ಕಳೆದವಳು ಮತ್ತೆ ಬೆಂಚಿನ ಮೇಲೆ ಮಲಗಿದೆ. ಅಲ್ಲಿಯವರೆಗೆ ಬೆರಳೆಣಿಕೆಯ ಸೋಂಕಿದ್ದ ಉಡುಪಿ ಜಿಲ್ಲೆಯಲ್ಲಿ ಲೆಕ್ಕ ದಿಢೀರನೆ ಏರಿತು. ಬಹುಪಾಲು ನಮ್ಮಂತೆ ಮಹಾರಾಷ್ಟ್ರದಿಂದ ಬಂದವರದು. 'ಮುಂಬಯಿಯವರು' ಎಂಬ ಮಾತು ಹಿಂದೆ ಊರಿನಲ್ಲಿ ಒಂದು ಗೌರವದ ಮಾತು. ಬಿಸ್ಕಿಟು, ಸೀರೆ, ದೇವಸ್ಥಾನದ ಜೀರ್ಣೋದ್ಧಾರದ ಚಂದಾ ಎಲ್ಲ ಅದರೊಳಗಿತ್ತು. ಆ ಮೇಯಲ್ಲಿ ಅದು ಹೆದರಿಕೆಯ ಮಾತಾಯಿತು. ಅವಧಿ ಮುಗಿಸಿ ಮನೆಗೆ ಹೋದಾಗ ಚಿಕ್ಕಪ್ಪನ ಮಗ ಅಂಗಳದ ಆಚೆ ನಿಂತ. ಅನ್ನದ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, "ಬೇಜಾರ್ ಮಾಡ್ಕಣ್ಬೇಡ ಅಕ್ಕ, ಊರಿನೋರ್ ಬಾಯಿ ಮುಚ್ಚುಕ್ ಆತಿಲ್ಲೆ" ಎಂದ. ಅವನ ಮನೆಯಲ್ಲಿ ಎಂಬತ್ತು ದಾಟಿದ ಚಿಕ್ಕಮ್ಮ ಇದ್ದರು. ಅವನ ಭಯ ಸುಳ್ಳಲ್ಲ. ನನ್ನ ಕಣ್ಣೀರೂ ಸುಳ್ಳಲ್ಲ. ಆದರೆ ಆ ಮನೆಯ ಇನ್ನೊಂದು ಪಾಲಿನ ಬೀಗ ತೆಗೆದಾಗ ಒಳಗೆ ಕಸ ಗುಡಿಸಿತ್ತು, ಹಂಡೆಯಲ್ಲಿ ನೀರು ತುಂಬಿತ್ತು, ಒಲೆಯ ಪಕ್ಕ ಒಣ ಕಟ್ಟಿಗೆ ಜೋಡಿಸಿತ್ತು. ಅವನೇ ಮಾಡಿಟ್ಟದ್ದು.

ನಾವು ಅಲ್ಲಿ ನಾಲ್ಕು ತಿಂಗಳು ಇದ್ದೆವು. ಹಡಗಿನ ಕಾಲದವರಂತೆ ಮಳೆಗಾಲವಿಡೀ. ಅಣ್ಣನ ಮಗ ಮೊದಲ ಬಾರಿಗೆ ಗದ್ದೆಗಿಳಿದ. ಜುಲೈ ಬರುವಾಗ ಚಿಕ್ಕಮ್ಮ ಜಗುಲಿಯಲ್ಲಿ ಕುಳಿತು ಅವನ ಕನ್ನಡ ತಿದ್ದುತ್ತಿದ್ದರು.

2022ರಲ್ಲಿ ಮನೆ ಮಾರುವ ಮಾತು ಬಂತು. ಹೆದ್ದಾರಿ ಚತುಷ್ಪಥವಾದಾಗ ಅಂಗಳದ ಒಂದು ಪಾಲು, ಬಸ್ಸು ನಿಲ್ಲುತ್ತಿದ್ದ ಜಾಗ, ಅದಕ್ಕೆ ಹೋಗಿತ್ತು. ವರ್ಷಕ್ಕೆ ಮೂರು ದಿನ ಹೋಗುವ ಮನೆಗೆ ಹಂಚು ಹೊದೆಸುವ ಖರ್ಚು ಯಾಕೆಂದು ಅಣ್ಣನ ವಾದ. ಲೆಕ್ಕದಲ್ಲಿ ತಪ್ಪಿಲ್ಲ. ಬೇಡವೆಂದದ್ದು ಅಣ್ಣನ ಮಗನೇ. ಹಂಚಿನ ಖರ್ಚಿಗೆ ತನ್ನ ಸಂಬಳದಿಂದ ಕೊಡುತ್ತೇನೆಂದ. ನಾನು ನನ್ನ ಪೆನ್ಷನ್ ಸೇರಿಸಿದೆ. ಒಂದು ಷರತ್ತು ಮಾತ್ರ ಹಾಕಿದೆ: ಹೋದವರು ಕಡಿಮೆಯೆಂದರೆ ಮೂರು ವಾರ ಇರಬೇಕು. ಎಲ್ಲರಿಗೂ ಆಗುವುದಿಲ್ಲ. ಆದವರು ಇರುತ್ತಿದ್ದಾರೆ.

ದಾರಿಗಳನ್ನು ನಂಬಿ ಕೂರುವ ಹಾಗಿಲ್ಲ. 2016ರ ಆಗಸ್ಟ್‌ನಲ್ಲಿ ಮಹಾಡದ ಸಾವಿತ್ರಿ ಸೇತುವೆ ಬಸ್ಸುಗಳ ಸಮೇತ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲೆಯ ಹತ್ತಿರದ ಶಿರೂರಿನಲ್ಲಿ, ಇದು ಇನ್ನೊಂದು ಶಿರೂರು, ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮರು ತಿಂಗಳೇ, ಆಗಸ್ಟ್ 7ರಂದು, ಕಾಳಿಯ ಹಳೆಯ ಸೇತುವೆ ಬಿತ್ತು. ಹಡಗು ಹೋಯಿತು, ತಾರಿ ಹೋಯಿತು, ಸೇತುವೆಗಳು ಬಂದು ಬಿದ್ದು ಮತ್ತೆ ಬಂದವು. ಯಾವ ದಾರಿ ತೆರೆದಿರಬೇಕು, ಎಷ್ಟು ಗಂಟೆ ಹಿಡಿಯಬೇಕು ಎಂಬುದನ್ನು ನಮಗಾಗಿ ಯಾವಾಗಲೂ ಬೇರೆ ಯಾರೋ ತೀರ್ಮಾನಿಸಿದ್ದಾರೆ. ಒಮ್ಮೆ ಪೋರ್ಚುಗೀಸರು, ಒಮ್ಮೆ ಹತ್ತಿಯ ಸಾಹುಕಾರರು, ಒಮ್ಮೆ ಇಂಜಿನಿಯರರು, ಒಮ್ಮೆ ಒಂದು ರೋಗ. ಇಳಿದ ಮೇಲೆ ಎಷ್ಟು ದಿನ ಇರುತ್ತೇವೆ ಎಂಬುದೊಂದು ಮಾತ್ರ ಈಗ ನಮ್ಮ ಕೈಯಲ್ಲಿದೆ. ಈ ಪುಸ್ತಕ ಓದುವ ಮುಂಬಯಿ, ಪುಣೆಯ ಮನೆಗಳಲ್ಲಿ ಮುಂದಿನ ಮೇ ತಿಂಗಳ ಟಿಕೇಟಿನ ಮಾತು ಬಂದಾಗ, ಹೋಗುವ ತಾರೀಕಿನ ಜೊತೆಗೆ ಹಿಂದಿರುಗುವ ತಾರೀಕನ್ನೂ ಸ್ವಲ್ಪ ಯೋಚಿಸಿ ಬರೆಸಿ ಎಂದಷ್ಟೇ ನನ್ನ ವಿನಂತಿ. ಆಗುವುದಾದರೆ ಹೋಗುವಾಗ ಒಮ್ಮೆ ಹುಬ್ಬಳ್ಳಿಯ ಮೇಲಿನಿಂದ ಹೋಗಿ. ಬೈಪಾಸು ಬಿಟ್ಟು ಧಾರವಾಡದ ಒಳಗೆ ಇಳಿದು ಮಕ್ಕಳಿಗೆ ರೊಟ್ಟಿ ತಿನ್ನಿಸಿ. ಮಾತು ಪೂರ್ತಿ ಅರ್ಥವಾಗದಿದ್ದರೂ ಅಡ್ಡಿಯಿಲ್ಲ, ನಮಗೂ ಆಗುತ್ತಿರಲಿಲ್ಲ.